ವಾರಾನ್ನದಿಂದ ಅಕ್ಷರ ದಾಸೋಹದವರೆಗೆ: ಕರ್ನಾಟಕದ ಶಿಕ್ಷಣ ಚರಿತ್ರೆಯಲ್ಲಿ ವಿದ್ಯಾರ್ಥಿಯ ಊಟ

ಕರ್ನಾಟಕದ ಆಧುನಿಕ ಶಿಕ್ಷಣದ ಚರಿತ್ರೆಯನ್ನು ಬರೆದವರು ಶಾಲೆಗಳ ಸಂಖ್ಯೆ, ಪಠ್ಯಕ್ರಮ, ಬೋಧನ ಮಾಧ್ಯಮ ಮತ್ತು ಆಡಳಿತ ಸುಧಾರಣೆಗಳಿಗೆ ನೀಡಿದಷ್ಟು ಗಮನವನ್ನು ವಿದ್ಯಾರ್ಥಿಯ ಊಟಕ್ಕೆ ನೀಡಿಲ್ಲ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಹಳ್ಳಿಗಳಿಂದ ಪೇಟೆಗೆ ಓದಲು ಬಂದವರ ನೆನಪುಗಳಲ್ಲಾದರೋ ಪಾಠಕ್ಕಿಂತ ಮೊದಲು ಎದುರಾಗುವುದು ಊಟದ ಪ್ರಶ್ನೆಯೇ. ವಿದ್ಯಾರ್ಥಿಯ ದೇಹಪೋಷಣೆಯನ್ನು ಶಿಕ್ಷಣದ ಒಂದು ಅಂಗವೆಂದು ಒಪ್ಪಿಕೊಳ್ಳಲು ಸಮಾಜಕ್ಕೂ ಸರಕಾರಕ್ಕೂ ಸುಮಾರು ಒಂದು ಶತಮಾನವೇ ಹಿಡಿಯಿತು.

ಪ್ರೌಢಶಾಲೆಗಳು ಜಿಲ್ಲಾ ಮತ್ತು ತಾಲ್ಲೂಕು ಕೇಂದ್ರಗಳಿಗೆ ಸೀಮಿತವಾಗಿದ್ದ ಕಾಲದಲ್ಲಿ ಬಡ ವಿದ್ಯಾರ್ಥಿಗಳಿಗಿದ್ದ ಆಧಾರ ವಾರಾನ್ನ. ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಆಯಾ ದಿನ ಆಯಾ ಮನೆಯಲ್ಲಿ ಉಣ್ಣುವ ಈ ಪದ್ಧತಿ ಹಳೆಯ ಪಾಠಶಾಲೆಗಳಿಂದ ಹೊಸ ಶಾಲೆಗಳಿಗೆ ಹರಿದುಬಂದದ್ದು. ಧಾರವಾಡ, ಬೆಳಗಾವಿಗಳ ಕಡೆ ಮನೆಮನೆಗೆ ಹೋಗಿ ಅನ್ನ ಬೇಡಿ ತರುವ ಮಧುಕರಿಯೂ ರೂಢಿಯಲ್ಲಿತ್ತು. ವಾರಾನ್ನದ ಔದಾರ್ಯವನ್ನು ಕೊಂಡಾಡುವ ಬರಹಗಳು ಹೇರಳ. ಅದರ ಅನಿಶ್ಚಿತತೆಯನ್ನು ಮಾತ್ರ ಅವು ಅಷ್ಟಾಗಿ ಗಮನಿಸುವುದಿಲ್ಲ. ಮನೆಯಲ್ಲಿ ಸೂತಕ ಬಂದರೆ, ಮನೆಯವರು ಪರಸ್ಥಳಕ್ಕೆ ಹೋದರೆ ಆ ದಿನ ಹುಡುಗನಿಗೆ ಉಪವಾಸ. ಏಳು ಮನೆ ಪೂರ್ತಿ ಸಿಕ್ಕದವನಿಗೆ ವಾರದಲ್ಲಿ ಒಂದೆರಡು ದಿನ ನೀರೇ ಗತಿ. ಊಟಕ್ಕೆ ಪ್ರತಿಯಾಗಿ ನೀರು ಸೇದುವುದು, ಮನೆಯ ಮಕ್ಕಳಿಗೆ ಪಾಠ ಹೇಳುವುದು ಮುಂತಾದ ಕೆಲಸಗಳೂ ಇರುತ್ತಿದ್ದವು. ಇದಕ್ಕಿಂತ ಮುಖ್ಯವಾದ ಮಿತಿಯೊಂದಿದೆ. ವಾರಾನ್ನ ಬಹುಮಟ್ಟಿಗೆ ಬ್ರಾಹ್ಮಣ ಹುಡುಗರಿಗೆ ದೊರೆತ ಸೌಲಭ್ಯ. ಹೆಣ್ಣುಮಕ್ಕಳು ಅದರ ಕಲ್ಪನೆಯಲ್ಲೇ ಇರಲಿಲ್ಲ. ಅಸ್ಪೃಶ್ಯರೆನಿಸಿಕೊಂಡವರಿಗಂತೂ ಆ ಮನೆಗಳ ಹೊಸ್ತಿಲೇ ನಿಷಿದ್ಧವಾಗಿತ್ತು.

ಈ ಕೊರತೆಯನ್ನು ತುಂಬಲು ಹುಟ್ಟಿಕೊಂಡವು ಉಚಿತ ವಿದ್ಯಾರ್ಥಿನಿಲಯಗಳು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಉದ್ದಾನ ಶಿವಯೋಗಿಗಳ ಕಾಲದಲ್ಲಿ, 1917ರಲ್ಲಿ, ಸಂಸ್ಕೃತ ಪಾಠಶಾಲೆಯೊಂದಿಗೆ ಆರಂಭವಾದ ಅನ್ನ ಮತ್ತು ವಸತಿಯ ವ್ಯವಸ್ಥೆ, 1941ರಲ್ಲಿ ಮಠದ ಅಧಿಕಾರ ವಹಿಸಿಕೊಂಡ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಎಲ್ಲ ಜಾತಿಮತಗಳ ಹತ್ತು ಸಾವಿರದಷ್ಟು ಮಕ್ಕಳನ್ನು ಪೋಷಿಸುವ ಮಟ್ಟಿಗೆ ಬೆಳೆಯಿತು. ಸುತ್ತಲ ರೈತರು ಒಪ್ಪಿಸಿದ ರಾಗಿ, ಭತ್ತ, ಬೇಳೆಗಳೇ ಈ ದಾಸೋಹದ ಬೆನ್ನೆಲುಬು. ಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾದ ಮೇಲೆ ಆ ದಿನವನ್ನು ರಾಜ್ಯ ಸರಕಾರ ದಾಸೋಹ ದಿನವೆಂದು ಘೋಷಿಸಿತು. ವೀರಶೈವ, ಒಕ್ಕಲಿಗ ಮೊದಲಾದ ಸಮುದಾಯಗಳ ಸಂಘಗಳೂ ಪೇಟೆಗಳಲ್ಲಿ ನಿಲಯಗಳನ್ನು ತೆರೆದವು.

ದಲಿತ ಮಕ್ಕಳ ವಿಷಯದಲ್ಲಿ ದಾರಿ ಇಷ್ಟು ಸುಗಮವಾಗಿರಲಿಲ್ಲ. ಮಂಗಳೂರಿನಲ್ಲಿ 1892ರಲ್ಲಿ ಶಾಲೆ ತೆರೆದ ಕುದ್ಮುಲ್ ರಂಗರಾಯರು, ಬೆಂಗಳೂರಿನಲ್ಲಿ ವಿದ್ಯಾರ್ಥಿನಿಲಯಗಳನ್ನು ಕಟ್ಟಿದ ಗೋಪಾಲಸ್ವಾಮಿ ಅಯ್ಯರ್, ಮೈಸೂರು ಸೀಮೆಯ ತಗಡೂರು ರಾಮಚಂದ್ರರಾಯರು ಸ್ವಜಾತಿಯ ಬಹಿಷ್ಕಾರ, ನಿಂದೆಗಳನ್ನು ಲೆಕ್ಕಿಸದೆ ದುಡಿದರು. ಬೆಂಗಳೂರಿನ ಇಂಥ ನಿಲಯದ ಬದುಕನ್ನು ಸಿದ್ಧಲಿಂಗಯ್ಯನವರ ‘ಊರುಕೇರಿ’ ಒಳಗಿನಿಂದ ದಾಖಲಿಸಿದೆ; ಚರಿತ್ರಕಾರನಿಗೆ ಅದು ಯಾವ ಆಡಳಿತ ವರದಿಗೂ ಕಡಿಮೆಯಲ್ಲದ ಆಕರ. ದೇವರಾಜ ಅರಸರ ಆಡಳಿತದಲ್ಲಿ, 1975ರಲ್ಲಿ ಹಾವನೂರು ಆಯೋಗ ವರದಿ ಸಲ್ಲಿಸಿದ ತರುವಾಯ, ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳು ಸರಕಾರದ ನೇರ ಹೊಣೆಯಾಗಿ ವಿಸ್ತರಿಸಿದವು.

ಇಷ್ಟಾದರೂ ನಿಲಯಗಳು ಊರು ಬಿಟ್ಟು ಬಂದವರಿಗೆ ಮಾತ್ರ. ತನ್ನೂರಿನ ಪ್ರಾಥಮಿಕ ಶಾಲೆಗೆ ಬರಿಹೊಟ್ಟೆಯಲ್ಲಿ ಬಂದು, ಮಧ್ಯಾಹ್ನ ಮನೆಗೆ ಹೋದರೆ ಮತ್ತೆ ಬಾರದ ಮಗುವಿನ ಗತಿಯೇನು? ನೆರೆಯ ಮದರಾಸು ರಾಜ್ಯದಲ್ಲಿ ಕಾಮರಾಜರು 1956ರಲ್ಲೇ ಇದಕ್ಕೆ ಉತ್ತರ ಹುಡುಕಿದ್ದರು. ಕೇಂದ್ರ ಸರಕಾರ 1995ರ ಆಗಸ್ಟ್ 15ರಂದು ಆರಂಭಿಸಿದ ಪೌಷ್ಟಿಕ ಆಹಾರ ಯೋಜನೆ ಕರ್ನಾಟಕದಲ್ಲಿ ತಿಂಗಳಿಗೆ ಮೂರು ಕಿಲೋ ಅಕ್ಕಿಯ ವಿತರಣೆಯಾಗಿ ಉಳಿಯಿತು. ಆ ಅಕ್ಕಿ ಮನೆಯ ಮಡಕೆ ಸೇರಿ ಎಲ್ಲರಿಗೂ ಹಂಚಿಹೋಗುತ್ತಿತ್ತು. ಮಗುವಿಗೆ ಶಾಲೆಯಲ್ಲಿ ಆಗುವ ಹಸಿವು ಹಾಗೆಯೇ ಇರುತ್ತಿತ್ತು.

2001ರ ನವೆಂಬರ್ 28ರ ಸರ್ವೋಚ್ಚ ನ್ಯಾಯಾಲಯದ ಆದೇಶ ಈ ಸ್ಥಿತಿಯನ್ನು ಬದಲಿಸಿತು. ವರ್ಷಕ್ಕೆ ಕನಿಷ್ಠ 200 ದಿನ, ಕನಿಷ್ಠ 300 ಕ್ಯಾಲೊರಿ ಮತ್ತು 8ರಿಂದ 12 ಗ್ರಾಂ ಪ್ರೋಟೀನು ಇರುವ, ಬೇಯಿಸಿದ ಊಟವನ್ನೇ ನೀಡಬೇಕೆಂದು ಅದು ವಿಧಿಸಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಯೋಜನೆ ಆರಂಭವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ಹಬ್ಬಿತು. ಅದಕ್ಕಿಟ್ಟ ‘ಅಕ್ಷರ ದಾಸೋಹ’ ಎಂಬ ಹೆಸರು ಆಕಸ್ಮಿಕವಲ್ಲ. ಶರಣರ ಕಾಲದ ಪದವೊಂದು ಸರಕಾರಿ ಕಡತಕ್ಕೆ ಬಂದದ್ದರಿಂದ ಉಣ್ಣುವವನು ದಾನಪಾತ್ರನಲ್ಲ ಎಂಬ ಭಾವವೂ ಜೊತೆಗೇ ಬಂದಿತು. 2013ರಲ್ಲಿ ಕ್ಷೀರಭಾಗ್ಯದ ಮೂಲಕ 150 ಮಿಲಿಲೀಟರ್ ಹಾಲು ಸೇರಿತು.

ಪದದ ಆಶಯ ಪಂಕ್ತಿಯಲ್ಲಿ ಎಷ್ಟರಮಟ್ಟಿಗೆ ನಡೆಯಿತೆಂಬುದು ಬೇರೆ ಮಾತು. ಅಡುಗೆಯವರ ನೇಮಕದಲ್ಲಿ ದಲಿತರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಆದ್ಯತೆ ಇರಬೇಕೆಂದು ನ್ಯಾಯಾಲಯ 2004ರ ಏಪ್ರಿಲ್ 20ರಂದು ಸೂಚಿಸಿತು. ದಲಿತ ಮಹಿಳೆ ಬಡಿಸಿದಳೆಂಬ ಕಾರಣಕ್ಕೆ ಪೋಷಕರು ಮಕ್ಕಳನ್ನು ಊಟಕ್ಕೆ ಕೂರಿಸದ, ಶಾಲೆಯನ್ನೇ ಬಿಡಿಸಿದ ಘಟನೆಗಳು ಅನಂತರವೂ ಕೋಲಾರ, ಚಾಮರಾಜನಗರ ಮೊದಲಾದ ಜಿಲ್ಲೆಗಳಿಂದ ವರದಿಯಾದವು. ವಾರಾನ್ನದ ಹೊಸ್ತಿಲು ಶಾಲೆಯ ಅಡುಗೆಮನೆಗೆ ಬಂದು ಕೂತಂತಾಯಿತು. ಮೊಟ್ಟೆಯ ಪ್ರಶ್ನೆಯೂ ಇದಕ್ಕೆ ದೂರದ್ದಲ್ಲ. 2021ರ ಡಿಸೆಂಬರಿನಲ್ಲಿ ಅಪೌಷ್ಟಿಕತೆ ಹೆಚ್ಚಾಗಿದ್ದ ಉತ್ತರದ ಜಿಲ್ಲೆಗಳಲ್ಲಿ ಮೊಟ್ಟೆ ಕೊಡಲು ತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ತಮಗೆ ಮೊಟ್ಟೆ ಬೇಕೆಂದು ವಿದ್ಯಾರ್ಥಿನಿಯರೇ ಬಹಿರಂಗವಾಗಿ ಮಾತನಾಡಿದರು. ಅನ್ನದ ಚರಿತ್ರೆಯಲ್ಲಿ ಉಣ್ಣುವ ಮಗುವಿನ ದನಿ ಇಷ್ಟು ಸ್ಪಷ್ಟವಾಗಿ ಕೇಳಿದ ಸಂದರ್ಭಗಳು ವಿರಳ. ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಎಂಬ ವಿಕಲ್ಪದೊಂದಿಗೆ ಮೊಟ್ಟೆ ಉಳಿಯಿತು. 2024ರಲ್ಲಿ ವಾರಕ್ಕೆ ಆರು ದಿನಗಳಿಗೆ ಏರಿತು.

2004ರ ಅದೇ ಆದೇಶದಲ್ಲಿ ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ಸೂಚನೆಯಿದೆ: ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲಿಯೂ ಮಧ್ಯಾಹ್ನದ ಊಟ ನಿಲ್ಲಕೂಡದು. ಪಾಠವಿಲ್ಲದ ದಿನಗಳಲ್ಲಿಯೂ ಶಾಲೆಯ ಒಲೆ ಉರಿಯಬೇಕೆಂದು ಆ ಆದೇಶ ಹೇಳಿತು.