ಅಚ್ಚಿನ ಮಾತು, ಕಾಲದ ಮಾತು: ಬೆಂಗಳೂರಿನ ತಾಮ್ರದ ಕಾಸುಗಳು

ಹಲಸೂರಿನ ಪರಿಸರದಲ್ಲಿ 1809ರಲ್ಲಿ ದಂಡುಪ್ರದೇಶ ತಲೆಯೆತ್ತಿದಾಗ ಮೈಸೂರು ಸಂಸ್ಥಾನದ ಚಿಲ್ಲರೆ ವ್ಯವಹಾರ ಬಹುಮಟ್ಟಿಗೆ ನಡೆಯುತ್ತಿದ್ದುದು ತಾಮ್ರದ ಕಾಸುಗಳಿಂದ. ಚಿನ್ನ, ಬೆಳ್ಳಿಯ ನಾಣ್ಯಗಳು ಅರಮನೆಯ ಬೊಕ್ಕಸವನ್ನೂ ಸಾಹುಕಾರರ ಪೆಟ್ಟಿಗೆಯನ್ನೂ ಸೇರಿದರೆ, ಸೊಪ್ಪು, ಉಪ್ಪು, ಎಣ್ಣೆ ಕೊಳ್ಳುವವರ ಕೈಯಲ್ಲಿ ಸವೆದದ್ದು ತಾಮ್ರ. ನಾಡಿನ ಚರಿತ್ರೆಯ ಚರ್ಚೆಯಲ್ಲಿ ಶಾಸನಕ್ಕೆ ದೊರೆತ ಗೌರವ ಈ ತಾಮ್ರಕ್ಕೆ ದೊರೆತಿಲ್ಲ. ಆದರೆ ಇದೂ ಬರಹವುಳ್ಳ ಲೋಹವೇ. ಇದಕ್ಕೂ ಪಾಠವಿದೆ, ಪಾಠಾಂತರವಿದೆ, ಅಪಪಾಠವೂ ಇದೆ.

ಮೊದಲ ತೊಡಕು ಕಾಲದ್ದು. ಟಿಪ್ಪು ಸುಲ್ತಾನನು ಬೆಂಗಳೂರಿನಲ್ಲಿಯೂ ಟಂಕಸಾಲೆಯನ್ನು ನಡೆಸಿದ್ದನು. ಅಲ್ಲಿಯ ತಾಮ್ರದ ನಾಣ್ಯದ ಒಂದು ಮುಖದಲ್ಲಿ ಆನೆ, ಇನ್ನೊಂದರಲ್ಲಿ ಪಾರಸಿ ಲಿಪಿಯ ಊರಹೆಸರು. ಅವನ ಆಳ್ವಿಕೆಯ ಮೊದಲ ವರ್ಷಗಳ ನಾಣ್ಯಗಳು ಹಿಜರಿ ಶಕದವು. ಸುಮಾರು 1787ರಲ್ಲಿ ಅವನು ಮೌಲೂದಿ ಶಕವನ್ನು ಜಾರಿಗೆ ತಂದು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಆ ವರ್ಷದ 1215 ಎಂಬ ಸಂಖ್ಯೆ, ಎಡದಿಂದ ಓದುವವನಿಗೆ 5121 ಎಂದು ಕಾಣುತ್ತದೆ. ಅಂಕಿಗಳ ಕ್ರಮವನ್ನು ಸರಿಪಡಿಸಿಕೊಂಡರೂ ಶಕವನ್ನು ಹಿಜರಿಯೆಂದೇ ಬಗೆದರೆ ಕಾಲವು 1800ಕ್ಕೆ ಜಾರುತ್ತದೆ. ಟಿಪ್ಪು ಮಡಿದದ್ದು 1799ರಲ್ಲಿ. ಮಡಿದ ಅರಸನಿಂದ ನಾಣ್ಯ ಹೊಡೆಯಿಸಿದ ದೋಷ ಓದುಗನ ತಲೆಗೇ ಬರುತ್ತದೆ. ಜೆ. ಆರ್. ಹೆಂಡರ್ಸನ್ 1921ರಲ್ಲಿ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಕುರಿತು ಪ್ರಕಟಿಸಿದ ಗ್ರಂಥ ಇಂದಿಗೂ ಅಭ್ಯಾಸಿಗಳಿಗೆ ಆಧಾರವಾಗಿದೆ.

ಎರಡನೆಯ ತೊಡಕು ಸ್ಥಳದ್ದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸುಗಳಲ್ಲಿ ‘ಮಯಿಲಿ ಕಾಸು’ ಎಂಬ ಕನ್ನಡ ಬರಹ, ಪಾರಸಿಯಲ್ಲಿ ಮಹಿಸೂರು ಎಂಬ ಊರಹೆಸರು, ರೋಮನ್ ಅಕ್ಷರದಲ್ಲಿ ಬೆಲೆ ಒಟ್ಟಿಗೆ ಬರುತ್ತವೆ. 1831ರಲ್ಲಿ ಆಡಳಿತ ಬ್ರಿಟಿಷ್ ಕಮಿಷನರ ವಶವಾಯಿತು. 1833ರಲ್ಲಿ ಟಂಕಸಾಲೆ ಮೈಸೂರಿನಿಂದ ಬೆಂಗಳೂರಿಗೆ ಬಂದು, 1843ರಲ್ಲಿ ಮುಚ್ಚಿತು. ಆನೆಯ ಸ್ಥಾನಕ್ಕೆ ಸಿಂಹ ಬಂದಿತು. ಊರಹೆಸರು ಮಾತ್ರ ಮಹಿಸೂರಾಗಿಯೇ ಉಳಿಯಿತು. ಟಂಕಸಾಲೆ ಸ್ಥಳ ಬದಲಿಸಿದರೂ ಅಚ್ಚು ಹಳೆಯ ಊರನ್ನೇ ಹೇಳಿತು.

ಇಂಥ ವ್ಯತ್ಯಾಸವನ್ನು ಓದುವ ಶಿಸ್ತು ಬಹಳ ಬೆಳೆದಿರುವುದು ಅಮೆರಿಕದ ಹಳೆಯ ತಾಮ್ರದ ಸೆಂಟುಗಳ ಸಂಗ್ರಹದಲ್ಲಿ. 1792ರಲ್ಲಿ ಸ್ಥಾಪಿತವಾದ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಉಕ್ಕಿನ ಅಚ್ಚನ್ನು ಸಿದ್ಧಪಡಿಸುವುದು ದುಬಾರಿಯ, ಶ್ರಮದ ಕೆಲಸವಾಗಿತ್ತು. ವರ್ಷ ಉರುಳಿದರೂ ಬಳಸಬಹುದಾದ ಅಚ್ಚನ್ನು ಎಸೆಯದೆ, ಹಳೆಯ ಅಂಕಿಯ ಮೇಲೆ ಹೊಸ ಅಂಕಿಯನ್ನು ಒತ್ತುತ್ತಿದ್ದರು. 1798ರ ಕೆಲವು ಸೆಂಟುಗಳಲ್ಲಿ 8ರ ಅಡಿಯಿಂದ 7 ಇಣುಕುತ್ತದೆ. 1807ರ ಕೆಲವುಗಳಲ್ಲಿ 7ರ ಅಡಿಯಿಂದ 6. ಕೊನೆಯ ಅಂಕಿಯನ್ನು ಖಾಲಿ ಬಿಟ್ಟು 179 ಎಂದಷ್ಟೇ ಕೊರೆದಿದ್ದ ಅಚ್ಚು 1800ಕ್ಕೆ ತಿದ್ದುಪಡಿಯಾದದ್ದೂ ಉಂಟು. ವಿಲಿಯಂ ಶೆಲ್ಡನ್ 1949ರ ಗ್ರಂಥದಲ್ಲಿ 1793ರಿಂದ 1814ರವರೆಗಿನ ಸೆಂಟುಗಳನ್ನು ಅಚ್ಚಿನ ಭೇದಕ್ಕೆ ಅನುಸಾರವಾಗಿ ಎಣಿಸಿಟ್ಟನು.

ಹಸ್ತಪ್ರತಿಯ ಸಂಪಾದಕನಿಗೆ ಈ ಕ್ರಮ ಹೊಸದಲ್ಲ. ಲಿಪಿಕಾರನು ಹೊಡೆದುಹಾಕಿದ ಅಕ್ಷರವನ್ನು ಅವನು ಕಸವೆಂದು ಭಾವಿಸುವುದಿಲ್ಲ. ಪ್ರತಿಗಳ ವಂಶಾವಳಿಯನ್ನು ತಿಳಿಯಲು ಅದನ್ನೇ ಹಿಡಿಯುತ್ತಾನೆ. ಒಂದೇ ದೋಷವುಳ್ಳ ಎರಡು ಪ್ರತಿಗಳಿಗೆ ಮೂಲ ಒಂದೇ ಇರಬಹುದೆಂದು ಊಹಿಸುವಂತೆ, ಒಂದೇ ಬಿರುಕನ್ನು ತೋರುವ ಎರಡು ನಾಣ್ಯಗಳು ಒಂದೇ ಅಚ್ಚಿನವೆಂದು ತಿಳಿಯಬಹುದು. ಆ ಬಿರುಕು ಹಿಗ್ಗುವ ಪ್ರಮಾಣದಿಂದ ಯಾವುದು ಮೊದಲು, ಯಾವುದು ಅನಂತರ ಎಂಬುದೂ ತಿಳಿಯುತ್ತದೆ.

ಬೆಂಗಳೂರಿನ ತಾಮ್ರಕ್ಕೂ ಇಂಥ ಓದು ಬೇಕು. ಹುಣಸೆಹುಳಿ ಹಚ್ಚಿ ಉಜ್ಜಿದ ಕಾಸು ಹೊಳೆಯುತ್ತದೆ, ಆದರೆ ಅಂಕಿಯ ಅಂಚು ಅಳಿಯುತ್ತದೆ. ತೂಕದ ಲೆಕ್ಕದಲ್ಲಿ ಮಾರಿ ಕರಗಿಸಿದ ಕಾಸಿನೊಡನೆ ಅದು ದೊರೆತ ಸ್ಥಳದ ನೆನಪೂ ಕರಗುತ್ತದೆ. ತೂಕ, ವ್ಯಾಸ, ಎರಡು ಮುಖಗಳ ಚಿತ್ರ, ದೊರೆತ ಊರು, ಇಷ್ಟನ್ನು ಬರೆದಿಟ್ಟರೂ ಮುಂದಿನ ಸಂಶೋಧಕನಿಗೆ ಒಂದು ಪ್ರತಿ ಉಳಿಯುತ್ತದೆ. ನಾಣ್ಯ ನೇರವಾಗಿ ಹೇಳುವುದು ಅಚ್ಚು ಹೇಳಿಸಿದ್ದನ್ನು. ನಡೆದದ್ದೇನೆಂಬುದನ್ನು ಆ ಅಚ್ಚಿನ ತಿದ್ದುಪಡಿಗಳಿಂದಲೂ, ತಿದ್ದದೆ ಬಿಟ್ಟ ಮಾತುಗಳಿಂದಲೂ ಓದುಗನೇ ಅರಿಯಬೇಕು.