ಅಂಗೈ ಹೇಳಿದ ನೀರಿನ ಕಥೆ

ಹೋದ ವಾರ ಊರಿಗೆ ಹೋಗಿದ್ದೆ (ಹೆಮ್ಮಿಗೆ, ಟಿ. ನರಸೀಪುರದ ಕಡೆ). ಬೋರಿಂಗ್ ಹತ್ತಿರ ಬಿಂದಿಗೆ ತುಂಬಿಸುತ್ತಾ ಅಜ್ಜಿ ಅಂದದ್ದು ಒಂದೇ ಮಾತು: "ಭೂಮಿ ಒಳಗಿಂದ ಬರೋ ನೀರು ಕಣಪ್ಪ, ಇದಕ್ಕೇನು ಕೊಳೆ?" ನಾನೂ ಚಿಕ್ಕಂದಿನಿಂದ ಹಾಗೇ ನಂಬಿಕೊಂಡು ಬಂದವನು. ಆದರೆ ಈ ನಂಬಿಕೆಗೂ ಚರ್ಮದ ಕ್ಯಾನ್ಸರಿಗೂ ಒಂದು ನಂಟಿದೆ. ಅದನ್ನೇ ಇವತ್ತು ಬರೆಯೋಣ ಅಂತ ಕೂತೆ.

ಚರ್ಮದ ಕ್ಯಾನ್ಸರ್ ಅಂದರೆ ಬಿಳಿಯರಿಗೆ ಬಿಸಿಲಿನಿಂದ ಬರುವ ಕಾಯಿಲೆ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದೇವೆ. ಅರ್ಧ ನಿಜ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವುದು ಮೆಲನೋಮ. ಉಳಿದ ಬಗೆಗಳು ಹೆಚ್ಚಾಗಿ ನಿಧಾನವಾಗಿ ಬೆಳೆಯುತ್ತವೆ, ಬೇಗ ಗುರುತಿಸಿ ಕತ್ತರಿಸಿದರೆ ಸಾಮಾನ್ಯವಾಗಿ ವಾಸಿಯಾಗುತ್ತವೆ. ಈ ಎರಡನೇ ಗುಂಪಿಗೆ ಬಿಸಿಲಲ್ಲದೆ ಇನ್ನೊಂದು ಕಾರಣವೂ ಇದೆ. ಅದೇ ಆರ್ಸೆನಿಕ್, ನಮ್ಮ ಹಿರಿಯರ ಮಾತಿನಲ್ಲಿ ಪಾಷಾಣ. ಬಿಸಿಲೇ ಬೀಳದ ಜಾಗದಲ್ಲೂ ಇದು ಹುಣ್ಣೆಬ್ಬಿಸುತ್ತದೆ.

ಈ ವಿಷಯ ಹೊಸದಲ್ಲ. 1880ರ ದಶಕದ ಕೊನೆಗೇ ಲಂಡನ್ನಿನ ವೈದ್ಯ ಜೊನಾಥನ್ ಹಚಿನ್ಸನ್, ಆರ್ಸೆನಿಕ್ ಔಷಧವನ್ನು ವರ್ಷಗಟ್ಟಲೆ ಕುಡಿದವರಲ್ಲಿ ಚರ್ಮದ ಕ್ಯಾನ್ಸರ್ ಬರುವುದನ್ನು ಗಮನಿಸಿ ಬರೆದಿದ್ದರು. 1968ರಲ್ಲಿ ತೈವಾನಿನ ಸಂಶೋಧಕರು ಆರ್ಸೆನಿಕ್ ಇದ್ದ ಬಾವಿ ನೀರು ಕುಡಿಯುತ್ತಿದ್ದ ಹಳ್ಳಿಗಳ 40,421 ಜನರನ್ನು ಪರೀಕ್ಷಿಸಿದ ವರದಿ ಪ್ರಕಟಿಸಿದರು. 428 ಜನಕ್ಕೆ ಚರ್ಮದ ಕ್ಯಾನ್ಸರ್!

ಇನ್ನು ನಮ್ಮ ದೇಶಕ್ಕೆ ಬರೋಣ. 1983. ಕಲ್ಕತ್ತಾದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿ ಡಾ. ಕೆ.ಸಿ. ಸಾಹಾ ಎಂಬ ಚರ್ಮತಜ್ಞರಿದ್ದರು. ಹಳ್ಳಿಗಳಿಂದ ಬಂದ ರೋಗಿಗಳ ಮೈಮೇಲೆ ಮಳೆಹನಿ ಸಿಡಿದಂಥ ಕಪ್ಪು ಚುಕ್ಕೆಗಳು, ಅಂಗೈ ಅಂಗಾಲಿನಲ್ಲಿ ಒರಟು ಗಂಟುಗಳು. ಮುಲಾಮು ಬರೆದುಕೊಟ್ಟು ಕಳಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸಾಹಾ ಆ ಗಂಟುಗಳ ಹಿಂದೆ ಆರ್ಸೆನಿಕ್ ಇರುವುದನ್ನು ಕಂಡರು. ಅದು ಬರುತ್ತಿದ್ದದ್ದು ಕೊಳವೆಬಾವಿಯಿಂದ. 1984ರಲ್ಲಿ ಇಂಡಿಯನ್ ಜರ್ನಲ್ ಆಫ್ ಡರ್ಮಟಾಲಜಿಯಲ್ಲಿ ಇದನ್ನು ಪ್ರಕಟಿಸಿದರು.

ದುರಂತ ನೋಡಿ... ಬಂಗಾಳದ ಹಳ್ಳಿಗಳಲ್ಲಿ ಕೆರೆ ನೀರು ಕುಡಿದು ಕಾಲರಾ, ಭೇದಿಯಿಂದ ಸಾಯುತ್ತಿದ್ದರು. ಅದನ್ನು ತಪ್ಪಿಸಲೆಂದೇ ಕೊಳವೆಬಾವಿ ಕೊರೆದರು. ಕ್ರಿಮಿ ಇಲ್ಲದ ನೀರೇ ಶುದ್ಧ ನೀರು ಅನ್ನುವ ನಂಬಿಕೆ. ಆದರೆ ನೆಲದೊಳಗಿನ ಮೆಕ್ಕಲು ಮಣ್ಣಿನಲ್ಲಿದ್ದ ಆರ್ಸೆನಿಕ್ಕಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೂ ಹೋಗುವುದಿಲ್ಲ. ನಾಲಗೆಗೆ ಗೊತ್ತಾಗದ್ದನ್ನು ವರ್ಷಗಳಾದ ಮೇಲೆ ಅಂಗೈ ಹೇಳಿತು.

ಬಂಗಾಳದ ಕಥೆ ನಮಗೇಕೆ ಅನ್ನಬೇಡಿ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ ಕಿರದಳ್ಳಿ ತಾಂಡಾ ಇದೆ. ಹತ್ತಿರದಲ್ಲೇ ಮಂಗಳೂರು (ಕರಾವಳಿಯದ್ದಲ್ಲ!) ಎಂಬಲ್ಲಿ ಹಳೆಯ ಚಿನ್ನದ ಗಣಿ. ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಇರುವುದು ಸಾಮಾನ್ಯ. ಜಾಧವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ (2018ರಲ್ಲಿ ತೀರಿಕೊಂಡರು) ಮತ್ತು ಸಂಗಡಿಗರು ಆ ಪ್ರದೇಶದ 59 ಕೊಳವೆಬಾವಿ ನೀರನ್ನು ಪರೀಕ್ಷಿಸಿದರು. 2013ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಶೇ. 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಮ್ ಮೀರಿತ್ತು. ಅದು ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆ. ಒಂದು ಬಾವಿಯಲ್ಲಂತೂ 303! ನೋಡಿದ 181 ಜನರಲ್ಲಿ ಶೇ. 58.6 ಮಂದಿಯ ಚರ್ಮದ ಮೇಲೆ ಅದೇ ಗುರುತುಗಳು. ಅಂದರೆ ನೂರಕ್ಕೂ ಹೆಚ್ಚು ಜನ, ಸಾಹಾ ಮೂವತ್ತು ವರ್ಷ ಹಿಂದೆ ಕಂಡ ಅದೇ ಕಾಯಿಲೆ. ಇವೆಲ್ಲ ಕ್ಯಾನ್ಸರ್ ಅಲ್ಲ, ಆದರೆ ಕ್ಯಾನ್ಸರಿಗೆ ಹೋಗಬಹುದಾದ ದಾರಿ.

ಹೆಮ್ಮಿಗೆಯ ನೀರಿನಲ್ಲಿ ಪಾಷಾಣವಿದೆ ಅಂತ ನಾನು ಹೇಳುತ್ತಿಲ್ಲ. ಅಜ್ಜಿಯನ್ನು ಹೆದರಿಸುವ ಆಸೆಯೂ ಇಲ್ಲ. ಆದರೆ ಟೆಸ್ಟ್ ಮಾಡದೆ ಪಾಸ್ ಅಂತ ಬರೆಯುವುದು ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೇ ನಡೆಯುವುದಿಲ್ಲ, ಕುಡಿಯುವ ನೀರಿಗೆ ನಡೆಯುತ್ತದೆಯೇ? :) ಮುಂದಿನ ಸಲ ಊರಿಗೆ ಹೋದಾಗ ಒಂದು ಬಾಟಲಿ ಬೋರಿಂಗ್ ನೀರು ಲ್ಯಾಬಿಗೆ ಕೊಡುವುದು ಅಂತ ತೀರ್ಮಾನ ಮಾಡಿದ್ದೇನೆ. ನೀವೂ ನಿಮ್ಮೂರಿನ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ.