ಕಂಬದ ಹಿಂದಿನ ಸಾಲು

1958ರಲ್ಲಿ ವರ್ಲಿಯಲ್ಲಿ ತಾತ್ಕಾಲಿಕವಾಗಿ ಶುರುವಾದ ಐಐಟಿ ಆಮೇಲೆ ಪವಾಯಿ ಕೆರೆಯ ದಂಡೆಗೆ ಬಂತು. ಯುನೆಸ್ಕೋ ಮೂಲಕ ಸೋವಿಯತ್ ನೆರವು ಸಿಕ್ಕಿತ್ತು. ಮುಂದೆ ಅಲ್ಲಿಯದೇ ಮಿನ್ಸ್ಕ್ ಕಂಪ್ಯೂಟರೂ ಬಂತು. ಆಗ ಯಂತ್ರ ಅಂಕಿಗಳನ್ನು ಅಚ್ಚು ಮಾಡಿ ಕೊಡುತ್ತಿತ್ತು. ಗ್ರಾಫನ್ನು ಹಾಳೆಯ ಮೇಲೆ ಕೈಯಲ್ಲೇ ಬರೆಯಬೇಕು. ಒಂದನ್ನು ತಿದ್ದಿದರೆ ಇನ್ನೊಂದಕ್ಕೆ ಗೊತ್ತಾಗುತ್ತಿರಲಿಲ್ಲ.

1987ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಬೆಕರ್ ಮತ್ತು ಕ್ಲೀವ್‌ಲ್ಯಾಂಡ್ ‘ಬ್ರಶಿಂಗ್’ ಕುರಿತು ಪ್ರಬಂಧ ಪ್ರಕಟಿಸಿದರು: ಒಂದು ಚಿತ್ರದಲ್ಲಿ ಕೆಲವು ಚುಕ್ಕೆಗಳನ್ನು ಆರಿಸಿದರೆ ಪಕ್ಕದ ಚಿತ್ರಗಳಲ್ಲೂ ಅವೇ ಎದ್ದು ಕಾಣುತ್ತವೆ. ಇಂದು ಪವಾಯಿಯ ಕಚೇರಿಗಳಲ್ಲಿ ನಾವು ತೆರೆಯುವ ಡ್ಯಾಶ್‌ಬೋರ್ಡಿನಲ್ಲಿ ಕಂಬ ಒತ್ತಿದರೆ ಕೋಷ್ಟಕದಲ್ಲಿ ಅದರ ಸಾಲುಗಳಷ್ಟೇ ಉಳಿಯುವುದು ಅದೇ ಜಾಡಿನಲ್ಲಿ.

ತೀರ್ಮಾನಕ್ಕೆ ಮುನ್ನ ಒಮ್ಮೆ ಒತ್ತಿ ನೋಡೋಣ. ‘ತಗ್ಗಿಸಬೇಕಾದ ಖರ್ಚು’ ಎಂಬ ಕಂಬದ ಹಿಂದೆ ನಮ್ಮಂತೆಯೇ ಊರು ಬಿಟ್ಟು ಬಂದವರ ಹೆಸರುಗಳಿರಬಹುದು.